ಸರ್ವೀಸ್‌ಗೆ ಕೊಟ್ಟ ಲ್ಯಾಪ್‌ಟಾಪ್ ಗೀರು ಬಿದ್ದು ವಾಪಸ್ ಬಂದಿದೆ, ಸುಮ್ಮನಿರಬೇಕಾ?

ಪ್ರಶ್ನೆ: ಎಂಟು ತಿಂಗಳ ಹಳೆಯ ಲ್ಯಾಪ್‌ಟಾಪ್. ಚಾರ್ಜ್ ಆಗುತ್ತಿರಲಿಲ್ಲ ಅಂತ ವಾರಂಟಿಯಲ್ಲಿ ಕಂಪನಿಯ ಸರ್ವೀಸ್ ಸೆಂಟರ್‌ಗೆ ಕಳಿಸಿದೆ. ಮದರ್‌ಬೋರ್ಡ್ ಬದಲಿಸಿ 12 ದಿನದ ಮೇಲೆ ಕೊರಿಯರ್‌ನಲ್ಲಿ ವಾಪಸ್ ಕಳಿಸಿದರು. ಈಗ ಚಾರ್ಜ್ ಸರಿಯಾಗಿ ಆಗುತ್ತದೆ. ಆದರೆ ಮುಚ್ಚಳದ ಮೇಲೆ ಉದ್ದಕ್ಕೆ ಒಂದು ಗೀರು ಇದೆ, ಕೀಬೋರ್ಡ್ ಭಾಗದ ಬಲ ಮೂಲೆ ನೆಗ್ಗಿದೆ, ತಳದ ಕವರ್ ಒಂದು ಕಡೆ ಎದ್ದು ನಿಂತಿದೆ. ಫೋನ್ ಮಾಡಿದರೆ "ಹೊರಮೈ ಹಾನಿ ವಾರಂಟಿಗೆ ಬರುವುದಿಲ್ಲ" ಅನ್ನುತ್ತಾರೆ. ಕಳಿಸುವ ಮೊದಲು ನಾನು ಫೋಟೊ ತೆಗೆದಿರಲಿಲ್ಲ. ಕೆಲಸ ಮಾಡುತ್ತಿದೆಯಲ್ಲ ಅಂತ ಸುಮ್ಮನಿರಬೇಕಾ, ಏನಾದರೂ ಮಾಡಬಹುದಾ?

ಉತ್ತರ: ಸುಮ್ಮನಿರಬೇಡಿ. ಇವತ್ತೇ ಅವರಿಗೆ ಬರೆಯಿರಿ. ಏನು ಬರೆಯಬೇಕು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಫೋನಿನಲ್ಲಿ ಕೇಳಿದ ಆ ಉತ್ತರದಲ್ಲಿ ಎಲ್ಲಿ ಎಡವಟ್ಟಾಗಿದೆ ಅಂತ ನೋಡೋಣ, ಯಾಕೆಂದರೆ ಅದು ನಿಮಗೆ ಸ್ಪಷ್ಟವಾಗದಿದ್ದರೆ ಎಷ್ಟು ಸಲ ಫೋನ್ ಮಾಡಿದರೂ ಅದೇ ಒಂದು ಸಾಲು ಕೇಳಿ ಫೋನ್ ಇಡಬೇಕಾಗುತ್ತದೆ.

ವಾರಂಟಿ ಅಂದರೆ ತಯಾರಿಕೆಯಲ್ಲಿ ದೋಷ ಇದ್ದರೆ ನಾವು ಸರಿಮಾಡಿ ಕೊಡುತ್ತೇವೆ ಅನ್ನುವ ಮಾತು. ಹೊರಮೈಯ ಗೀರು, ನೆಗ್ಗು ಇದಕ್ಕೆ ಸೇರುವುದಿಲ್ಲ ಅಂತ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ವಾರಂಟಿ ಪತ್ರದಲ್ಲೂ ಇರುತ್ತದೆ. ಅದು ಸರಿಯೇ. ನೀವು ಬಳಸುವಾಗ ಚೀಲದಲ್ಲಿ ಕೀಲಿಕೈ ಉಜ್ಜಿ ಬಿದ್ದ ಗೀರಿಗೆ ಕಂಪನಿ ಯಾಕೆ ಹೊಣೆ ಆಗಬೇಕು? ಆದರೆ ನೀವು ಕೇಳುತ್ತಿರುವುದು ಅದಲ್ಲ. ನಿಮ್ಮ ವಸ್ತು ಅವರ ಕೈಯಲ್ಲಿದ್ದಾಗ ಕೆಟ್ಟಿದೆ, ಅದನ್ನು ಸರಿಮಾಡಿ ಅಂತ ಕೇಳುತ್ತಿದ್ದೀರಿ. ಇದು ವಾರಂಟಿಯ ವಿಷಯವೇ ಅಲ್ಲ. ಅಂಗಿಯ ತೋಳು ಹೊಲಿಯಲು ಕೊಟ್ಟಿರುತ್ತೀರಿ, ತೋಳು ಚೆನ್ನಾಗಿ ಹೊಲಿದಿರುತ್ತಾರೆ, ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಕಲೆ. ಅಂಗಿ ಕೊಳ್ಳುವಾಗ ಬಟ್ಟೆಗೆ ಗ್ಯಾರಂಟಿ ಇತ್ತಾ ಇಲ್ವಾ ಅಂತ ಆಗ ಯಾರಾದರೂ ಕೇಳುತ್ತಾರಾ?

ಕಾನೂನು ಕೂಡ ಇದನ್ನು ಬೇರೆಯಾಗಿಯೇ ನೋಡುತ್ತದೆ. ಇನ್ನೊಬ್ಬರ ವಸ್ತುವನ್ನು ಕೆಲಸಕ್ಕೆಂದು ತೆಗೆದುಕೊಂಡವನು ಅದನ್ನು ಜೋಪಾನವಾಗಿ ನೋಡಿಕೊಂಡು ವಾಪಸ್ ಕೊಡಬೇಕು ಅನ್ನುವುದು ತುಂಬ ಹಳೆಯ ನಿಯಮ. ಇಂಗ್ಲಿಷ್ ಕಾನೂನಿನ ಹಾದಿಯಲ್ಲಿ ನಡೆಯುವ ದೇಶಗಳಲ್ಲಿ ಇದನ್ನು ಬೇಯ್ಲ್‌ಮೆಂಟ್ ಅನ್ನುತ್ತಾರೆ. ವಸ್ತು ತನ್ನ ವಶದಲ್ಲಿದ್ದಾಗ ಹಾಳಾದರೆ, ನಾನು ಎಚ್ಚರಿಕೆಯಿಂದಲೇ ಇದ್ದೆ ಅಂತ ತೋರಿಸುವ ಹೊರೆ ಸಾಮಾನ್ಯವಾಗಿ ಇಟ್ಟುಕೊಂಡವರ ಮೇಲೇ ಬೀಳುತ್ತದೆ. ರಿಪೇರಿ ಉಚಿತವಾಗಿ ಆಯಿತು ಅಂದ ಮಾತ್ರಕ್ಕೆ ಈ ಹೊಣೆ ಕರಗಿ ಹೋಗುವುದಿಲ್ಲ. ಹಾಗಾಗಿ ನಿಮ್ಮ ಪತ್ರದಲ್ಲಿ "ವಾರಂಟಿಯಲ್ಲಿ ಸರಿಮಾಡಿ" ಅನ್ನುವ ಮಾತು ಎಲ್ಲೂ ಬರಬಾರದು. "ರಿಪೇರಿಯ ಸಮಯದಲ್ಲಿ ಆದ ಹಾನಿ" ಅಂತಲೇ ಬರೆಯಿರಿ, ಪ್ರತಿ ಸಲವೂ ಅದನ್ನೇ ಬರೆಯಿರಿ. ಫೋನ್ ಎತ್ತುವ ಹುಡುಗನ ಮುಂದೆ ಇರುವ ಪರದೆಯಲ್ಲಿ ವಾರಂಟಿ ಅಂದರೆ ಒಂದು ದಾರಿ, ಸರ್ವೀಸ್‌ನಲ್ಲಿ ಆದ ಹಾನಿ ಅಂದರೆ ಇನ್ನೊಂದು ದಾರಿ ತೆರೆಯುತ್ತದೆ. ನೀವು ಮೊದಲ ದಾರಿಯಲ್ಲಿ ಸಿಕ್ಕಿಕೊಂಡಿದ್ದೀರಿ ಅಷ್ಟೇ.

ಇನ್ನು ಇವತ್ತೇ ಮಾಡಬೇಕಾದ್ದು. ಲ್ಯಾಪ್‌ಟಾಪ್ ಬಂದ ಡಬ್ಬ, ಒಳಗಿನ ಫೋಮ್, ಮೇಲಿನ ಲೇಬಲ್, ಜೊತೆಗೆ ಬಂದ ಕಾಗದ, ಯಾವುದನ್ನೂ ಬಿಸಾಡಬೇಡಿ. ಗೀರನ್ನು ಒರೆಸಬೇಡಿ. ಎದ್ದಿರುವ ಕವರನ್ನು ಕೈಯಿಂದ ಒತ್ತಿ ಕೂರಿಸಲು ಹೋಗಬೇಡಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸ್ಕ್ರೂ ಅಂತೂ ಮುಟ್ಟಲೇಬೇಡಿ. ನೀವೇ ಬಿಚ್ಚಿದ್ದೀರಿ ಅನ್ನುವ ಮಾತಿಗೆ ಚೂರೂ ಜಾಗ ಕೊಡಬಾರದು.

ಆಮೇಲೆ ಫೋಟೊ. ಗೀರಿನ ಫೋಟೊ ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ, ಅಥವಾ ಪ್ರತಿಫಲನ ಅಂತ ತಳ್ಳಿಹಾಕುತ್ತಾರೆ. ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಮುಚ್ಚಳದ ಪಕ್ಕದಿಂದ ಅಡ್ಡಡ್ಡ ಹಿಡಿದು ತೆಗೆಯಿರಿ. ಗೀರಿನ ಪಕ್ಕ ಒಂದು ಅಳತೆಪಟ್ಟಿ ಇಡಿ. ನೆಗ್ಗಿದ ಮೂಲೆಯನ್ನು ಮೂರು ಕಡೆಯಿಂದ ತೆಗೆಯಿರಿ. ತಳದ ಸೀರಿಯಲ್ ನಂಬರ್ ಮತ್ತು ಹಾನಿ ಎರಡೂ ಒಂದೇ ವಿಡಿಯೋದಲ್ಲಿ, ನಡುವೆ ಕತ್ತರಿಸದೆ ಬರುವ ಹಾಗೆ ಒಂದು ಚಿಕ್ಕ ವಿಡಿಯೋ ಮಾಡಿ. ಡಬ್ಬದ ಎಂಟೂ ಮೂಲೆಗಳ ಫೋಟೊ ಬೇಕು, ಮೂಲೆ ಸರಿಯಾಗಿದ್ದರೂ ಬೇಕು. ಮೂಲ ಫೈಲುಗಳನ್ನು ಹಾಗೇ ಇಟ್ಟುಕೊಳ್ಳಿ. ಮೆಸೇಜ್ ಆ್ಯಪ್‌ಗಳಲ್ಲಿ ಕಳಿಸಿದ ಫೋಟೊ ಸಣ್ಣದಾಗುತ್ತದೆ, ತೆಗೆದ ದಿನ ಮತ್ತು ಸಮಯದ ವಿವರವೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಇಮೇಲ್‌ನಲ್ಲಿ ಮೂಲ ಫೈಲನ್ನೇ ಲಗತ್ತಿಸಿ.

ಈಗ ನೀವು ಹೇಳಿದ ಮೂರು ಹಾನಿಗಳ ಬಗ್ಗೆ ಸ್ವಲ್ಪ ವಿವರವಾಗಿ ಮಾತಾಡೋಣ. ಮೂರೂ ಒಂದೇ ಜಾತಿಯವಲ್ಲ, ಮೂರಕ್ಕೂ ಕಾರಣ ಬೇರೆ ಬೇರೆ ಇರಬಹುದು. ಯಾವುದು ಎಲ್ಲಿ ಆಯಿತು ಅಂತ ನೀವು ಹೇಳಬಲ್ಲಿರಾದರೆ ಆ ಕಡೆಯವರು ಬೇರೆ ರೀತಿ ಕೇಳಿಸಿಕೊಳ್ಳುತ್ತಾರೆ.

ಮೊದಲು ಮುಚ್ಚಳದ ಗೀರು. ಮದರ್‌ಬೋರ್ಡ್ ಬದಲಿಸಬೇಕಾದರೆ ಲ್ಯಾಪ್‌ಟಾಪನ್ನು ಬೋರಲು ಹಾಕುತ್ತಾರೆ. ಅಂದರೆ ತಳ ಮೇಲಕ್ಕೆ, ಮುಚ್ಚಳ ಕೆಳಗೆ, ಮೇಜಿಗೆ ತಾಗಿಕೊಂಡು. ಮೇಜಿನ ಮೇಲೆ ಮೆತ್ತನೆಯ ಮ್ಯಾಟ್ ಇರಬೇಕು, ಮ್ಯಾಟ್ ಮೇಲೆ ಏನೂ ಇರಬಾರದು. ಹಿಂದಿನ ಕೆಲಸದ ಒಂದು ಸಣ್ಣ ಸ್ಕ್ರೂ ಅಲ್ಲಿ ಉಳಿದಿದ್ದರೆ ಸಾಕು. ಕೇಬಲ್ ಬಿಡಿಸಲು ಲ್ಯಾಪ್‌ಟಾಪನ್ನು ಸ್ವಲ್ಪ ತಿರುಗಿಸಿದಾಗ ಆ ಸ್ಕ್ರೂ ಮುಚ್ಚಳದ ಮೇಲೆ ಒಂದು ಗೆರೆ ಎಳೆಯುತ್ತದೆ. ಅದು ಹೆಚ್ಚಾಗಿ ಒಂದೇ ಗೆರೆ, ಸ್ವಲ್ಪ ಬಾಗಿದ ಗೆರೆ, ಶುರುವಿನಲ್ಲಿ ಆಳ ಜಾಸ್ತಿ. ಡಬ್ಬದೊಳಗೆ ಅಲ್ಲಾಡಿ ಉಜ್ಜಿದ್ದಾದರೆ ಗುರುತು ಹೀಗೆ ಇರುವುದಿಲ್ಲ. ಒಂದೇ ಜಾಗದಲ್ಲಿ ಹತ್ತಾರು ಸಣ್ಣ ಗೆರೆಗಳು ಸೇರಿ ಮಬ್ಬು ಕಲೆಯಂತೆ ಕಾಣುತ್ತದೆ, ಅದೂ ಉಬ್ಬಿದ ಅಂಚುಗಳಲ್ಲಿ ಹೆಚ್ಚು. ನೀವು ಹೇಳಿದ ಉದ್ದದ ಒಂಟಿ ಗೀರು ರಿಪೇರಿ ಮೇಜಿನದ್ದೇ ಅನ್ನಿಸುತ್ತದೆ. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ನಾನೇ ಒಮ್ಮೆ ಹೀಗೆ ಮಾಡಿದ್ದೇನೆ. ರಿಪೇರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬರ ಲ್ಯಾಪ್‌ಟಾಪ್ ಎತ್ತಿ ನೋಡಿದಾಗ ಮುಚ್ಚಳದ ಅಡ್ಡಕ್ಕೆ ಬೆಳ್ಳಗೆ ಗೆರೆ ಕಂಡು ಎದೆ ಧಸಕ್ಕೆಂದಿತು. ಅವರು ನೋಡುವ ಮೊದಲೇ ಫೋನ್ ಮಾಡಿ ಹೇಳಿದೆ, ಮುಚ್ಚಳ ಬದಲಿಸಿ ಕೊಟ್ಟೆವು. ಹಾಗಾಗಿ ಇಂಥದ್ದು ಆಗುತ್ತದೆ ಅನ್ನುವುದೂ ಗೊತ್ತು, ಆದಾಗ ಒಪ್ಪಿಕೊಳ್ಳಬಹುದು ಅನ್ನುವುದೂ ಗೊತ್ತು.

ಗೀರು ನಿಜವಾಗಿ ಲೋಹಕ್ಕೆ ಇಳಿದಿದೆಯಾ ಅಂತಲೂ ನೋಡಬೇಕು. ಫೋಟೊ ಎಲ್ಲ ಮುಗಿದ ಮೇಲೆ, ಗೀರಿನ ಒಂದು ತುದಿಯಲ್ಲಿ ಮಾತ್ರ, ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಹೋದರೆ ಅದು ಮೇಲೆ ಅಂಟಿದ ಬೇರೆ ವಸ್ತುವಿನ ಗುರುತು. ಹೋಗದೆ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಮೇಲಿನ ಪದರ ಕಿತ್ತಿದೆ. ಅಲ್ಯೂಮಿನಿಯಂ ಮುಚ್ಚಳಕ್ಕೆ ಹೆಚ್ಚಾಗಿ ಬಣ್ಣ ಬಳಿದಿರುವುದಿಲ್ಲ, ಆನೊಡೈಸ್ ಮಾಡಿರುತ್ತಾರೆ, ಅಂದರೆ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಲೋಹದ ಮೇಲೆ ಗಟ್ಟಿ ಪದರ ಬರಿಸಿರುತ್ತಾರೆ. ಆ ಪದರದ ದಪ್ಪ ಸಾಮಾನ್ಯವಾಗಿ 5ರಿಂದ 25 ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿ. ಒಮ್ಮೆ ಕಿತ್ತ ಪದರವನ್ನು ಆ ಜಾಗಕ್ಕೆ ಮಾತ್ರ ಮತ್ತೆ ಹಾಕಲು ಆಗುವುದಿಲ್ಲ, ಇಡೀ ಭಾಗ ಬಿಚ್ಚಿ ಮುಳುಗಿಸಬೇಕು. ಅದಕ್ಕೇ "ಪಾಲಿಶ್ ಮಾಡಿಕೊಡುತ್ತೇವೆ" ಅಂದರೆ ಒಪ್ಪಬೇಡಿ. ಉಜ್ಜಿದಷ್ಟೂ ಸುತ್ತಲಿನ ಪದರವೂ ಹೋಗಿ, ಗೆರೆ ಇದ್ದ ಜಾಗದಲ್ಲಿ ಒಂದು ಹೊಳೆಯುವ ಮಚ್ಚೆ ಉಳಿಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ಅಂತ ಯಾರಾದರೂ ಹೇಳಿದರೆ ಅದನ್ನೂ ಮಾಡಬೇಡಿ.

ನೆಗ್ಗಿದ ಮೂಲೆ ಬೇರೆ ಕಥೆ. ಮೂಲೆ ನೆಗ್ಗಬೇಕಾದರೆ ಬೀಳಬೇಕು ಅಥವಾ ಗಟ್ಟಿ ಜಾಗಕ್ಕೆ ಬಡಿಯಬೇಕು, ಸ್ಕ್ರೂಡ್ರೈವರ್‌ನಿಂದ ಹಾಗಾಗುವುದಿಲ್ಲ. ಡಬ್ಬ ತೆಗೆದುಕೊಂಡು ಲ್ಯಾಪ್‌ಟಾಪ್ ಹೇಗೆ ಕೂತಿತ್ತೋ ಹಾಗೇ ನೆನಪಿಸಿಕೊಂಡು, ನೆಗ್ಗಿದ ಮೂಲೆ ಡಬ್ಬದ ಯಾವ ಮೂಲೆಗೆ ಬರುತ್ತದೆ ಅಂತ ನೋಡಿ. ಆ ಮೂಲೆ ಜಜ್ಜಿಹೋಗಿದ್ದರೆ ದಾರಿಯಲ್ಲಿ ಬಿದ್ದಿದೆ. ಡಬ್ಬ ಹೊಸದರ ಹಾಗಿದ್ದು ಒಳಗೆ ಎರಡು ಇಂಚಿನಷ್ಟು ಫೋಮ್ ಕೂಡ ಸರಿಯಾಗಿದ್ದರೆ, ಡಬ್ಬಕ್ಕೆ ಹಾಕುವ ಮೊದಲೇ ಆಗಿರುವ ಸಾಧ್ಯತೆ ಜಾಸ್ತಿ.

"ಕೊರಿಯರ್‌ನವರು ಬೀಳಿಸಿದ್ದಾರೆ, ನಮ್ಮದಲ್ಲ" ಅಂತ ಹೇಳಿದರೆ? ಕೊರಿಯರ್ ಗೊತ್ತು ಮಾಡಿದ್ದು ಯಾರು ಅಂತ ಕೇಳಿ. ಅವರೇ ಗೊತ್ತು ಮಾಡಿ, ಅವರೇ ಪ್ಯಾಕ್ ಮಾಡಿ ಕಳಿಸಿದ್ದರೆ ನಿಮ್ಮ ಕೈ ಸೇರುವ ತನಕ ನೀವು ಮಾತಾಡಬೇಕಾದ್ದು ಅವರ ಜೊತೆಗೇ. ಕೊರಿಯರ್ ಹತ್ತಿರ ವಸೂಲು ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ವಿಷಯ. ಪಾರ್ಸೆಲ್ ಬೀಳುವುದು ಅಪರೂಪವೇನಲ್ಲ, ಬೀಳುತ್ತದೆ ಅಂತಲೇ ಪ್ಯಾಕ್ ಮಾಡಬೇಕು. ಪ್ಯಾಕಿಂಗ್ ಪರೀಕ್ಷೆಗೆ ಇಸ್ಟಾ ಅನ್ನುವ ಸಂಸ್ಥೆಯ ನಿಯಮಗಳಿವೆ. ಅದರ 1ಎ ಅನ್ನುವ ತೀರ ಸರಳ ಪರೀಕ್ಷೆಯಲ್ಲೇ ಲ್ಯಾಪ್‌ಟಾಪ್ ತೂಕದ ಪಾರ್ಸೆಲನ್ನು 76 ಸೆಂಟಿಮೀಟರ್ ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ, ಒಂದು ಮೂಲೆ, ಮೂರು ಅಂಚು, ಆರು ಮುಖಗಳ ಮೇಲೆ. ಮೇಜಿನ ಎತ್ತರದಿಂದ ಒಮ್ಮೆ ಬಿದ್ದಿದ್ದಕ್ಕೇ ಒಳಗಿನ ವಸ್ತು ನೆಗ್ಗಿದರೆ ಪ್ಯಾಕಿಂಗ್ ಸಾಲದು ಅಂತಲೇ ಅರ್ಥ.

ಕೊರಿಯರ್ ವಿಷಯದಲ್ಲಿ ಗಡುವು ಮಾತ್ರ ತುಂಬ ಬಿಗಿ. ದೇಶದ ಗಡಿ ದಾಟಿ ಬರುವ ಸಾಗಣೆಗೆ, ಸಹಿ ಹಾಕಿದ ದೇಶಗಳ ನಡುವೆ, ಒಪ್ಪಂದಗಳಿವೆ. ರಸ್ತೆ ಸಾಗಣೆಯ 1956ರ ಒಪ್ಪಂದದಲ್ಲಿ, ಹೊರಗಿನಿಂದ ಕಾಣದ ಹಾನಿಯನ್ನು 7 ದಿನದೊಳಗೆ ಬರೆದು ತಿಳಿಸಬೇಕು. ವಿಮಾನ ಸಾಗಣೆಯ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ ಸರಕಿಗೆ 14 ದಿನ. ಒಳನಾಡಿನ ಕೊರಿಯರ್‌ಗಳ ಷರತ್ತು ಇದಕ್ಕಿಂತಲೂ ಕಡಿಮೆ ಇರಬಹುದು. ಹಾಗಾಗಿ ಯಾರು ಬೀಳಿಸಿದರು ಅಂತ ಕಂಡುಹಿಡಿದ ಮೇಲೆ ಬರೆಯೋಣ ಅಂತ ಕಾಯಬೇಡಿ. ಮೊದಲು ಬರೆಯಿರಿ. ಪಾರ್ಸೆಲ್ ತೆಗೆದುಕೊಳ್ಳುವಾಗ ಸಹಿ ಹಾಕಿದ್ದೇನಲ್ಲ ಅಂತಲೂ ಕೈಚೆಲ್ಲಬೇಡಿ. ಆ ಸಹಿ ಡಬ್ಬ ಬಂತು ಅನ್ನುವುದಕ್ಕೆ. ಮುಚ್ಚಿದ ಡಬ್ಬದೊಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತಾಗಬೇಕಿತ್ತು?

ಇನ್ನು ತಳದ ಕವರ್. ಇದನ್ನು ಅವರೂ "ಹೊರಮೈ ಹಾನಿ" ಅನ್ನುತ್ತಿದ್ದಾರೆ, ನೀವೂ ಹಾಗೇ ಬರೆದಿದ್ದೀರಿ. ನನಗೆ ಮೂರರಲ್ಲಿ ಹೆಚ್ಚು ಆತಂಕ ಇರುವುದು ಇದರ ಬಗ್ಗೆಯೇ. ಕವರ್ ಒಂದು ಕಡೆ ಎದ್ದು ನಿಲ್ಲಲು ನಾಲ್ಕೈದು ಕಾರಣ ಇರಬಹುದು. ಅಂಚಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿರಬಹುದು ಅಥವಾ ಸರಿಯಾಗಿ ಕೂರದೆ ಇರಬಹುದು, ಇದು ಎಲ್ಲಕ್ಕಿಂತ ಸಾಮಾನ್ಯ. ಯಾವುದೋ ಕೇಬಲ್ ನಡುವೆ ಸಿಕ್ಕಿಕೊಂಡಿರಬಹುದು. ಸ್ಕ್ರೂ ಅದಲುಬದಲಾಗಿರಬಹುದು. ತಳದ ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಉದ್ದದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದು ಹಾಕಿ ತಿರುಗಿಸಿದರೆ ಅದು ಬೋರ್ಡಿಗೋ ಕೀಬೋರ್ಡಿನ ಹಿಂಭಾಗಕ್ಕೋ ಚುಚ್ಚುತ್ತದೆ. ಕೀಬೋರ್ಡ್ ಪಕ್ಕದಲ್ಲಿ ಒಳಗಿನಿಂದ ಎದ್ದ ಸಣ್ಣ ಗುಬುಟು ಏನಾದರೂ ಇದೆಯಾ ಅಂತ ಬೆರಳಾಡಿಸಿ ನೋಡಿ.

ಕೊನೆಯ ಕಾರಣ ಬ್ಯಾಟರಿ. ಲಿಥಿಯಂ ಬ್ಯಾಟರಿಗೆ ಏಟು ಬಿದ್ದರೆ ಅಥವಾ ಚುಚ್ಚಿದರೆ ಒಳಗೆ ಅನಿಲ ತುಂಬಿ ಉಬ್ಬಬಹುದು, ಆಗ ಅದು ತಳದ ಕವರನ್ನು ಹೊರಕ್ಕೆ ತಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಬಿದ್ದಿರುವ ಗುರುತು ಬೇರೆ ಇದೆ. ಕವರ್ ಎದ್ದಿರುವ ಜಾಗ ಮುಂದಿನ ಅಂಚಿನ ಹತ್ತಿರ, ಟಚ್‌ಪ್ಯಾಡ್ ಕೆಳಗೆ ಇದೆಯಾ? ಟಚ್‌ಪ್ಯಾಡ್ ಒತ್ತಿದರೆ ಮೊದಲಿನ ಹಾಗೆ ಕ್ಲಿಕ್ ಆಗದೆ ಬಿಗಿಯಾಗಿದೆಯಾ? ದಿನದಿಂದ ದಿನಕ್ಕೆ ಸಂದು ಅಗಲ ಆಗುತ್ತಿದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಅಂದರೂ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಆಫ್ ಮಾಡಿ, ಬೆಂಕಿ ಹತ್ತುವ ಸಾಮಾನುಗಳಿಂದ ದೂರ ಇಡಿ, ಅದೇ ದಿನ ಅವರಿಗೆ ತಿಳಿಸಿ. ಕವರ್ ಒತ್ತಬೇಡಿ ಅಂದಿದ್ದು ಇದಕ್ಕೇ. ಉಬ್ಬಿದ ಬ್ಯಾಟರಿಯನ್ನು ಒತ್ತಿದರೆ ಬೆಂಕಿ ಹತ್ತಬಹುದು. ಹಾಗೆ ಉಬ್ಬಿದ್ದನ್ನು ಸಾಮಾನ್ಯ ಪಾರ್ಸೆಲ್ ಮಾಡಿ ಕಳಿಸಲೂಬಾರದು, ಹೇಗೆ ಕಳಿಸಬೇಕು ಅಂತ ಅವರೇ ಹೇಳಬೇಕು.

ಬ್ಯಾಟರಿ ಸರಿಯಿದೆ ಅಂತ ಕಂಡರೆ ಉಳಿದದ್ದನ್ನೂ ಒಮ್ಮೆ ಪರೀಕ್ಷೆ ಮಾಡಿ, ಬೋರ್ಡ್ ಬದಲಿಸುವಾಗ ಹೆಚ್ಚುಕಡಿಮೆ ಎಲ್ಲ ಕೇಬಲ್‌ಗಳನ್ನೂ ಬಿಚ್ಚಿ ಹಾಕಿರುತ್ತಾರೆ. ಮುಚ್ಚಳವನ್ನು ನಿಧಾನವಾಗಿ ತೆರೆಯಿರಿ, ಹಿಂಜ್ ಹತ್ತಿರ ಕಿರ್ ಅನ್ನುವ ಸದ್ದು ಬರಬಾರದು. ವೈಫೈ ಆಂಟೆನಾದ ತಂತಿ ಬಹಳಷ್ಟು ಮಾದರಿಗಳಲ್ಲಿ ಹಿಂಜ್ ಮೂಲಕ ಮುಚ್ಚಳಕ್ಕೆ ಹೋಗುತ್ತದೆ, ಸಿಗ್ನಲ್ ಮೊದಲಿನಷ್ಟು ಇದೆಯಾ ನೋಡಿ. ಪೂರ್ತಿ ಬಿಳಿ ಚಿತ್ರ, ಪೂರ್ತಿ ಕಪ್ಪು ಚಿತ್ರ ಹಾಕಿ ಪರದೆಯಲ್ಲಿ ಒತ್ತಿದ ಗುರುತು ಹುಡುಕಿ. ಕ್ಯಾಮೆರಾ, ಮೈಕ್, ಎರಡೂ ಸ್ಪೀಕರ್, ಪ್ರತಿ ಪೋರ್ಟ್. ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬಾರದು.

ಇನ್ನೊಂದು, ಇದನ್ನು ಬಹಳ ಜನ ನೋಡುವುದೇ ಇಲ್ಲ. ಹೊಸ ಬೋರ್ಡ್ ಹಾಕಿದ ಮೇಲೆ ನಿಮ್ಮ ಲ್ಯಾಪ್‌ಟಾಪಿನ ಸೀರಿಯಲ್ ನಂಬರನ್ನು ಅದರ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಬರೆಯಬೇಕು. ಬಯಾಸ್ ಪರದೆಯಲ್ಲಿ ಕಾಣುವ ನಂಬರ್, ತಳದಲ್ಲಿ ಅಚ್ಚಾಗಿರುವ ನಂಬರ್, ಎರಡೂ ಒಂದೇ ಇರಬೇಕು. ಖಾಲಿ ಇದ್ದರೆ ಅಥವಾ ಬೇರೆ ಇದ್ದರೆ ಮುಂದೆ ವಾರಂಟಿ ಕೇಳಲು ಹೋದಾಗ ಈ ಲ್ಯಾಪ್‌ಟಾಪ್ ನಿಮ್ಮದೇ ಅಂತ ಸಾಬೀತು ಮಾಡುವುದೇ ಕೆಲಸ ಆಗುತ್ತದೆ. ಇದನ್ನೂ ಅದೇ ದೂರಿನಲ್ಲಿ ಸೇರಿಸಿ.

ಫೋಟೊ ತೆಗೆದಿರಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಇದ್ದಿದ್ದರೆ ಸುಲಭ ಆಗುತ್ತಿತ್ತು, ಇಲ್ಲ ಅಂದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಅವರ ಹತ್ತಿರ ಇರುತ್ತದೆ. ವಸ್ತು ಒಳಗೆ ಬಂದಾಗ ಅದರ ಸ್ಥಿತಿ ಬರೆದುಕೊಳ್ಳುವುದು ಸರ್ವೀಸ್ ಸೆಂಟರ್‌ಗಳ ರೂಢಿ, ಎಷ್ಟೋ ಕಡೆ ಡಬ್ಬ ತೆರೆದ ತಕ್ಷಣ ಫೋಟೊ ತೆಗೆಯುತ್ತಾರೆ. ಅದು ಅವರನ್ನು ಕಾಪಾಡಲು ಮಾಡಿದ ವ್ಯವಸ್ಥೆ. ಈಗ ನಿಮಗೂ ಅದೇ ಬೇಕು. ಜಾಬ್ ಶೀಟ್ (ಆ ಸ್ಥಿತಿ ಬರೆದುಕೊಂಡ ಹಾಳೆ) ಮತ್ತು ಒಳಬಂದಾಗಿನ ಫೋಟೊಗಳ ಪ್ರತಿ ಕೊಡಿ ಅಂತ ಬರೆದು ಕೇಳಿ. ಅದರಲ್ಲಿ ನೆಗ್ಗು, ಗೀರು ಅಂತ ಏನೂ ಬರೆದಿಲ್ಲದಿದ್ದರೆ ನಿಮ್ಮ ಕೆಲಸ ಅರ್ಧ ಆಯಿತು.

ಅದಕ್ಕಿಂತ ಗಟ್ಟಿ ವಾದ ಇನ್ನೊಂದಿದೆ. ಅವರು ನಿಮಗೆ ಮದರ್‌ಬೋರ್ಡನ್ನು ಉಚಿತವಾಗಿ ಬದಲಿಸಿ ಕೊಟ್ಟರು ಅಲ್ವಾ? ಲ್ಯಾಪ್‌ಟಾಪಿನಲ್ಲಿ ಅತಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಮೂಲೆ ನೆಗ್ಗಿದ ಲ್ಯಾಪ್‌ಟಾಪ್ ಬಂದಿದ್ದರೆ ಅವರು ಮೊದಲು ಹೇಳುತ್ತಿದ್ದ ಮಾತು ಏನು? "ಇದು ಬಿದ್ದಿದೆ, ಬಿದ್ದಿದ್ದರಿಂದ ಬೋರ್ಡ್ ಹೋಗಿದೆ, ವಾರಂಟಿ ಸಿಗುವುದಿಲ್ಲ." ಹಾಗೆ ಹೇಳದೆ, ಪರಿಶೀಲಿಸಿ, ತಯಾರಿಕೆಯ ದೋಷ ಅಂತ ಒಪ್ಪಿ ಬೋರ್ಡ್ ಬದಲಿಸಿದ್ದಾರೆ. ಬಂದಾಗ ಮೂಲೆ ಸರಿಯಾಗಿತ್ತು ಅನ್ನುವುದಕ್ಕೆ ಅವರ ಆ ನಿರ್ಧಾರವೇ ಸಾಕ್ಷಿ. ಈ ಮಾತನ್ನು ಪತ್ರದಲ್ಲಿ ಮರೆಯದೆ ಬರೆಯಿರಿ. ಜೊತೆಗೆ ನಿಮ್ಮ ಹಳೆಯ ಫೋಟೊಗಳಲ್ಲಿ ಹುಡುಕಿ, ಯಾವುದೋ ಫೋಟೊದ ಹಿನ್ನೆಲೆಯಲ್ಲಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಕೂತಿರುತ್ತದೆ. ಕಳಿಸುವ ಹತ್ತಿರದ ದಿನಗಳದ್ದು ಸಿಕ್ಕರೆ ಅದೂ ಸಾಕ್ಷಿಯೇ.

ಈಗ ಬಿಡಬಾರದು ಅಂತ ನಾನು ಇಷ್ಟು ಒತ್ತಿ ಹೇಳುವುದಕ್ಕೂ ಈ ನೆಗ್ಗಿಗೂ ಸಂಬಂಧ ಇದೆ. ನಿಮ್ಮ ವಾರಂಟಿ ಇನ್ನೂ ಉಳಿದಿದೆ. ಎರಡು ತಿಂಗಳು ಬಿಟ್ಟು ಪರದೆ ಕೈಕೊಟ್ಟಿತು ಅಂತ ಇಟ್ಟುಕೊಳ್ಳಿ. ಮತ್ತೆ ಕಳಿಸುತ್ತೀರಿ. ಈ ಸಲ ಡಬ್ಬ ತೆರೆದವರು ಬರೆಯುತ್ತಾರೆ, "ಬಲ ಮೂಲೆ ನೆಗ್ಗಿದೆ, ಬಿದ್ದಿರುವ ಗುರುತು." ಆಗ ಅವರೇ ಮಾಡಿದ ನೆಗ್ಗು ನಿಮ್ಮ ವಾರಂಟಿಯನ್ನೇ ತಿಂದುಹಾಕುತ್ತದೆ. ಇವತ್ತಿನ ತಾರೀಕಿನ ಒಂದು ದೂರು ಅವರ ದಾಖಲೆಯಲ್ಲಿದ್ದರೆ ಹಾಗೆ ಹೇಳಲು ಆಗುವುದಿಲ್ಲ. ಅವರು ಕವರ್ ಬದಲಿಸಿ ಕೊಡಲಿ ಬಿಡಲಿ, ಈ ದಾಖಲೆ ನಿಮಗೆ ಬೇಕೇ ಬೇಕು.

ಪತ್ರ ಚಿಕ್ಕದಾಗಿರಲಿ. ಸಿಟ್ಟು ಬರುವುದು ಸಹಜ, ಪತ್ರದಲ್ಲಿ ಮಾತ್ರ ಬೇಡ. ಹೀಗೆ ಬರೆಯಬಹುದು:

"ನನ್ನ ಲ್ಯಾಪ್‌ಟಾಪ್ (ಸೀರಿಯಲ್ ನಂಬರ್, ಜಾಬ್ ನಂಬರ್) ಇಂಥ ತಾರೀಕು ನಿಮ್ಮ ವಶಕ್ಕೆ ಬಂದಿದೆ, ಇಂಥ ತಾರೀಕು ನನಗೆ ವಾಪಸ್ ಸಿಕ್ಕಿದೆ. ಡಬ್ಬ ತೆರೆದಾಗ ಮುಚ್ಚಳದ ಮೇಲೆ ಇಷ್ಟು ಸೆಂಟಿಮೀಟರ್ ಉದ್ದದ ಗೀರು, ಕೀಬೋರ್ಡ್ ಭಾಗದ ಬಲ ಮೂಲೆಯಲ್ಲಿ ನೆಗ್ಗು, ತಳದ ಕವರ್ ಎದ್ದಿರುವುದು ಕಂಡಿದೆ. ಕಳಿಸುವಾಗ ಇವು ಇರಲಿಲ್ಲ. ನೀವು ಪರಿಶೀಲಿಸಿ ವಾರಂಟಿಯಲ್ಲೇ ಬೋರ್ಡ್ ಬದಲಿಸಿದ್ದೀರಿ, ಬಿದ್ದ ಗುರುತು ಇದೆ ಅಂತ ಆಗ ನೀವು ಹೇಳಿರಲಿಲ್ಲ. ಇದು ವಾರಂಟಿಯ ಬೇಡಿಕೆ ಅಲ್ಲ. ನಿಮ್ಮ ವಶದಲ್ಲಿದ್ದಾಗ, ರಿಪೇರಿಯ ಸಮಯದಲ್ಲಿ ಆದ ಹಾನಿ. ಎ ಕವರ್, ಸಿ ಕವರ್ ಮತ್ತು ಡಿ ಕವರ್ ಬದಲಿಸಿ ಕೊಡಬೇಕು, ಹೋಗಿಬರುವ ಸಾಗಣೆ ನಿಮ್ಮದು. ಒಳಬಂದಾಗಿನ ಜಾಬ್ ಶೀಟ್ ಮತ್ತು ಫೋಟೊಗಳ ಪ್ರತಿ ಕಳಿಸಿ. ಇಂಥ ತಾರೀಕಿನೊಳಗೆ ಬರಹದಲ್ಲಿ ಉತ್ತರ ಕೊಡಿ."

ಎ, ಸಿ, ಡಿ ಅಂದರೆ ರಿಪೇರಿಯವರ ಭಾಷೆ. ಮುಚ್ಚಳದ ಹೊರಭಾಗ ಎ ಕವರ್, ಪರದೆಯ ಸುತ್ತಲಿನ ಪಟ್ಟಿ ಬಿ, ಕೀಬೋರ್ಡ್ ಇರುವ ಮೇಲ್ಭಾಗ ಸಿ, ತಳ ಡಿ. ಈ ಹೆಸರು ಹಾಕಿ ಬರೆದರೆ ಓದುವವರಿಗೆ ಯಾವ ಭಾಗ ತರಿಸಬೇಕು ಅಂತ ತಕ್ಷಣ ತಿಳಿಯುತ್ತದೆ, "ಸ್ವಲ್ಪ ಸರಿಮಾಡಿ ಕೊಡಿ" ಅಂದರೆ ಏನೂ ತಿಳಿಯುವುದಿಲ್ಲ.

ಅವರು ಏನು ಕೊಡಬಹುದು, ನೀವು ಎಲ್ಲಿ ಒಪ್ಪಬಹುದು ಅನ್ನುವುದನ್ನೂ ಯೋಚಿಸಿ ಇಟ್ಟುಕೊಳ್ಳಿ. ಡಿ ಕವರ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಅದನ್ನು ಬಿಟ್ಟುಕೊಡಲೇಬೇಡಿ. ಎ ಕವರ್ ಮಾದರಿಯ ಮೇಲೆ ಹೋಗುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯನ್ನು ಮುಚ್ಚಳಕ್ಕೇ ಅಂಟಿಸಿರುತ್ತಾರೆ, ಹಾಗಾಗಿ ಮುಚ್ಚಳ ಅಂದರೆ ಇಡೀ ಡಿಸ್‌ಪ್ಲೇ ಬದಲಿಸಬೇಕು. ಅವರು ಹಿಂದೇಟು ಹಾಕುವುದು ಅದಕ್ಕೇ, ಆದರೆ ಆ ಖರ್ಚು ನಿಮ್ಮ ತಲೆನೋವಲ್ಲ. ಸಿ ಕವರ್ ಮಾತ್ರ ನಿಜಕ್ಕೂ ದೊಡ್ಡ ಕೆಲಸ. ಬೋರ್ಡ್, ಫ್ಯಾನ್, ಬ್ಯಾಟರಿ, ಸ್ಪೀಕರ್ ಎಲ್ಲವನ್ನೂ ಬಿಚ್ಚಿ ಹೊಸ ಚೌಕಟ್ಟಿಗೆ ಕೂರಿಸಬೇಕು, ಬಿಚ್ಚಿದಷ್ಟೂ ಹೊಸ ತೊಂದರೆಯ ಸಾಧ್ಯತೆ ಇದ್ದೇ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಹೀಗೆ: ಮುಚ್ಚಳ ಮುಚ್ಚಿದಾಗ ಆ ಮೂಲೆ ಗಾಜಿಗೆ ತಾಗುತ್ತಿದ್ದರೆ, ಅಥವಾ ಆ ಬದಿಯ ಪೋರ್ಟ್‌ಗೆ ಕೇಬಲ್ ಸಲೀಸಾಗಿ ಹೋಗದಿದ್ದರೆ ಸಿ ಕವರ್ ಬದಲಿಸಿಯೇ ತೀರಬೇಕು. ಬರೀ ನೋಡಲು ನೆಗ್ಗಿದೆ ಅಷ್ಟೇ ಅಂದರೆ, ಅದರ ಬದಲು ಒಂದು ವರ್ಷ ಹೆಚ್ಚಿನ ವಾರಂಟಿ ಬರೆದು ಕೊಟ್ಟು, ನೆಗ್ಗು ನಮ್ಮಲ್ಲಿ ಆಗಿದ್ದು ಅಂತ ದಾಖಲೆ ಮಾಡಿದರೆ ಅದು ನಷ್ಟದ ಮಾತಲ್ಲ. ಆದರೆ ಇದನ್ನು ನೀವಾಗಿ ಮೊದಲು ಹೇಳಬೇಡಿ. ಮೂರೂ ಕೇಳಿ, ಅವರು ಏನು ಹೇಳುತ್ತಾರೆ ನೋಡಿ. ಒಂದು ಚೀಲವೋ ಮೌಸೋ ಕೊಟ್ಟು ಮುಗಿಸಲು ನೋಡಿದರೆ ನಯವಾಗಿ ಬೇಡ ಅನ್ನಿ.

ಮೊದಲ ಉತ್ತರ "ಆಗುವುದಿಲ್ಲ" ಅಂತಲೇ ಬರಬಹುದು. ಫೋನ್ ಎತ್ತುವವರಿಗೆ ಕವರ್ ಮಂಜೂರು ಮಾಡುವ ಅಧಿಕಾರ ಹೆಚ್ಚಾಗಿ ಇರುವುದಿಲ್ಲ, ಅವರ ಮೇಲೆ ಕೂಗಾಡಿ ಉಪಯೋಗವೂ ಇಲ್ಲ. ಇದನ್ನು ಸರ್ವೀಸ್‌ನಲ್ಲಿ ಆದ ಹಾನಿ ಅಂತ ದಾಖಲಿಸಿ ಮೇಲಿನವರಿಗೆ ಕಳಿಸಿ ಅಂತ ಕೇಳಿ, ದೂರಿನ ನಂಬರ್ ತೆಗೆದುಕೊಳ್ಳಿ. ಫೋನಿನಲ್ಲಿ ಏನೇ ಮಾತಾಡಿದರೂ ಇಟ್ಟ ತಕ್ಷಣ "ಈಗ ಮಾತಾಡಿದ ಪ್ರಕಾರ" ಅಂತ ಒಂದು ಇಮೇಲ್ ಹಾಕಿ. ರಿಪೇರಿ ಮಾಡಿದ್ದು ಬೇರೆ ಏಜೆನ್ಸಿ ಆದರೂ ಕಂಪನಿಗೇ ಬರೆಯಿರಿ, ಅವರ ಹತ್ತಿರ ಕಳಿಸಿದ್ದು ಕಂಪನಿಯೇ. ಹೇಳಿದ ತಾರೀಕು ದಾಟಿದರೆ ಕಂಪನಿಯ ಕುಂದುಕೊರತೆ ವಿಭಾಗ, ಆಮೇಲೆ ನೀವಿರುವ ಕಡೆಯ ಗ್ರಾಹಕ ಆಯೋಗ. ಅಲ್ಲಿಗೆ ಹೋದಾಗ ನಿಮ್ಮ ಕೈಯಲ್ಲಿ ಇರಬೇಕಾದ್ದು ಇದೇ ಪತ್ರ, ಇದೇ ಫೋಟೊ, ಅವರ ಬರಹದ ಉತ್ತರ.

ಮತ್ತೆ ಕಳಿಸುವ ದಿನ ಬಂದಾಗ ಈ ಸಲ ಆರೂ ಕಡೆಯ ಫೋಟೊ ತೆಗೆಯಿರಿ, ಡಬ್ಬಕ್ಕೆ ಹಾಕಿ ಅಂಟಿಸುವ ತನಕ ಒಂದೇ ವಿಡಿಯೋ ಮಾಡಿ. ಪರದೆ ಮತ್ತು ಕೀಬೋರ್ಡ್ ನಡುವೆ ತೆಳು ಬಟ್ಟೆ ಇಡಿ. ಸುತ್ತ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ ಇರಲಿ, ಡಬ್ಬ ಅಲ್ಲಾಡಿಸಿದರೆ ಒಳಗೆ ಏನೂ ಸರಿದಾಡಬಾರದು. ಒಳಗೆ ಒಂದು ಚೀಟಿ ಹಾಕಿ, ಯಾವ ಹಾನಿ ಮೊದಲೇ ದೂರಿನಲ್ಲಿದೆ ಅಂತ ನಂಬರ್ ಸಮೇತ ಬರೆದು. ಡೇಟಾ ಪ್ರತಿ ಮಾಡಿಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀ ಕೂಡ ಬರೆದಿಟ್ಟುಕೊಳ್ಳಿ, ಬೋರ್ಡ್ ಬದಲಾದರೆ ಅದು ಕೇಳುತ್ತದೆ.

ವಾಪಸ್ ಬಂದಾಗ ಡಬ್ಬ ತೆರೆಯುವುದನ್ನೂ ವಿಡಿಯೋ ಮಾಡಿ. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲೆ ಮುಚ್ಚಿ ಇಡಿ, ನಾಲ್ಕೂ ಕಾಲು ಮೇಜಿಗೆ ತಾಗಬೇಕು, ಒಂದು ಮೂಲೆ ಒತ್ತಿದರೆ ಕುಲುಕಬಾರದು. ಆಮೇಲೆ ಒಂದು ಹಾಳೆಯ ಅಂಚನ್ನು ತಳದ ಕವರಿನ ಸಂದಿನ ಸುತ್ತ ಆಡಿಸಿ. ಹಾಳೆ ಎಲ್ಲಾದರೂ ಒಳಗೆ ನುಗ್ಗಿದರೆ ಅಲ್ಲಿ ಕ್ಲಿಪ್ ಕೂತಿಲ್ಲ, ಅದನ್ನು ಅವತ್ತೇ ಬರೆದು ಕಳಿಸಿ.